ಪೋಷಕ ನಟನೆಯ ದೇಸಿ ನೆಲೆ: ಅರಸೀಕೆರೆಯ ಟಿ.ಎನ್. ಬಾಲಕೃಷ್ಣ

ಕನ್ನಡ ಚಲನಚಿತ್ರದ ಚರಿತ್ರೆಯನ್ನು ನಾಯಕನಟರ, ನಿರ್ದೇಶಕರ ಹಾಗೂ ನಿರ್ಮಾಪಕರ ಚರಿತ್ರೆಯಾಗಿ ಬರೆಯುವ ಕ್ರಮ ಬೇರೂರಿದೆ. ಪೋಷಕ ನಟರು ಅಲ್ಲಿ ಹೆಸರುಗಳ ಪಟ್ಟಿಯಾಗಿ ಉಳಿಯುತ್ತಾರೆ. ಜನಪದ ರಂಗಪ್ರಕಾರಗಳನ್ನು ಬಲ್ಲವರಿಗೆ ಈ ಶ್ರೇಣೀಕರಣ ಸಹಜವೆನಿಸದು. ಮೂಡಲಪಾಯದಲ್ಲಿ ರಾಜವೇಷಕ್ಕೆ ಮೊದಲು ಕೋಡಂಗಿ ರಂಗಪ್ರವೇಶ ಮಾಡುತ್ತಾನೆ. ತೊಗಲುಗೊಂಬೆಯಾಟದಲ್ಲಿ ಪೌರಾಣಿಕ ಪ್ರಸಂಗದ ನಡುವೆ ಕಿಳ್ಳೇಕ್ಯಾತ ಮತ್ತು ಬಂಗಾರಕ್ಕ ನುಗ್ಗಿ ಊರಿನ ಮಾತನ್ನಾಡುತ್ತಾರೆ. ಕಥೆಯನ್ನು ಪ್ರೇಕ್ಷಕರ ಬದುಕಿಗೆ ಕಟ್ಟುವ ಹೊಣೆ ಇಂತಹ ಪಾತ್ರಗಳದು. ಟಿ.ಎನ್. ಬಾಲಕೃಷ್ಣ (1911–1995) ಅವರ ಅಭಿನಯವನ್ನು ಈ ರಂಗಧರ್ಮದ ಬೆಳಕಿನಲ್ಲಿ ಪರಿಶೀಲಿಸುವುದು ಅಗತ್ಯವಾಗಿದೆ. ಇದು ನೇರ ಅನುಕರಣೆ ಎಂಬ ಅರ್ಥದಲ್ಲಲ್ಲ. ಪಾತ್ರದ ಕರ್ತವ್ಯದಲ್ಲಿ ಕಾಣುವ ಸಾಮ್ಯದ ಅರ್ಥದಲ್ಲಿ.

ಬಾಲಕೃಷ್ಣ ಅವರ ಹುಟ್ಟೂರು ಹಾಸನ ಜಿಲ್ಲೆಯ ಅರಸೀಕೆರೆ. ಬೇಲೂರು, ಹಳೇಬೀಡುಗಳಂತೆ ಇದೂ ಹೊಯ್ಸಳರ ನೆಲ. ಹದಿಮೂರನೆಯ ಶತಮಾನದ ಶಿವಾಲಯ ಇಲ್ಲಿದೆ. ಬೇಲೂರಿನ ಮದನಿಕೆಯರ ಇಕ್ಕೆಲಗಳಲ್ಲಿ ಗೇಣುದ್ದದ ಮದ್ದಳೆಗಾರರು, ಪರಿಚಾರಕಿಯರು ನಿಂತಿದ್ದಾರೆ. ನೋಡುವವರ ಕಣ್ಣು ಮದನಿಕೆಯ ಮೇಲೆ ನೆಟ್ಟರೂ ಅವಳ ಭಂಗಿಗೆ ತಾಳದ ಅರ್ಥ ಕೊಡುವವನು ಆ ಪುಟ್ಟ ಮದ್ದಳೆಗಾರ. ಪೋಷಕ ಎಂಬ ಪದಕ್ಕೆ ಇದಕ್ಕಿಂತ ಸಮರ್ಪಕ ವ್ಯಾಖ್ಯಾನ ಈ ಪ್ರದೇಶದಲ್ಲಿ ಸಿಗಲಾರದು. ಆಧುನಿಕ ಕಾಲದಲ್ಲಿ ಅರಸೀಕೆರೆಗೆ ಬಂದ ರೈಲುಮಾರ್ಗವೂ ಗಮನಾರ್ಹ. 1884ರಲ್ಲಿ ನಾಟಕ ಕಂಪನಿಯೊಂದಕ್ಕೆ ಜನ್ಮವಿತ್ತ ಗುಬ್ಬಿ, ಹಾಸ್ಯನಟ ನರಸಿಂಹರಾಜು ಅವರ ತಿಪಟೂರು, ಬಾಲಕೃಷ್ಣ ಅವರ ಅರಸೀಕೆರೆ, ಇವು ಒಂದೇ ಹಳಿಯ ಮೇಲಿನ ಊರುಗಳು. ಮುಂದಿನ ತಲೆಮಾರಿನ ದೊಡ್ಡಣ್ಣ ಅವರೂ ಅರಸೀಕೆರೆಯವರೇ; ಭದ್ರಾವತಿಯ ಉಕ್ಕಿನ ಕಾರ್ಖಾನೆಯ ನೌಕರಿಯಲ್ಲಿದ್ದು ರಂಗಭೂಮಿಯ ಮೂಲಕ ಚಿತ್ರರಂಗಕ್ಕೆ ಬಂದವರು.

ಬಡತನದಲ್ಲಿ ಹುಟ್ಟಿದ ಬಾಲಕೃಷ್ಣ ವೃತ್ತಿ ನಾಟಕಗಳಲ್ಲಿ ಪಳಗಿ, 1943ರ ‘ರಾಧಾರಮಣ’ದ ಮೂಲಕ ಚಿತ್ರರಂಗ ಪ್ರವೇಶಿಸಿದರು. ಜಿ.ವಿ. ಅಯ್ಯರ್ ಅವರಿಗೂ ಅದೇ ಮೊದಲ ಚಿತ್ರ. ಮುಂದಿನ ಐದು ದಶಕಗಳಲ್ಲಿ ಅವರು ಅಭಿನಯಿಸಿದ ಚಿತ್ರಗಳ ಸಂಖ್ಯೆ ಐನೂರನ್ನು ಮೀರುತ್ತದೆ. ಅವರಿಗೆ ಕಿವಿ ಕೇಳುತ್ತಿರಲಿಲ್ಲ. ಈ ಸಂಗತಿಯನ್ನು ಕನಿಕರದ ಅಥವಾ ಬೆರಗಿನ ಪ್ರಸಂಗವಾಗಿ ಹೇಳಿ ಮುಗಿಸುವುದೇ ರೂಢಿ. ವಿಮರ್ಶೆಗೆ ಅಷ್ಟು ಸಾಲದು. ಕಂಪನಿ ನಾಟಕ ಮೂಲತಃ ಕಿವಿಯ ಕಲೆ. ಹಾರ್ಮೋನಿಯಂ ಶ್ರುತಿ, ಪರದೆಯ ಮರೆಯಿಂದ ಬರುವ ಮಾತಿನ ಎಳೆ, ಎದುರು ಪಾತ್ರದ ಕೊನೆಯ ಪದ, ಇವುಗಳ ಆಸರೆಯಿಂದ ನಟ ನಡೆಯುತ್ತಾನೆ. ಈ ಆಸರೆಗಳಿಲ್ಲದ ಬಾಲಕೃಷ್ಣ ಸಹನಟರ ತುಟಿಚಲನೆಯನ್ನೂ ಮುಖಭಾವವನ್ನೂ ಓದಿ ತಮ್ಮ ಸರದಿಯನ್ನು ಹಿಡಿಯಬೇಕಾಗಿತ್ತು. ಅವರ ದೃಷ್ಟಿ ಎದುರಿನವರ ಮುಖವನ್ನು ಬಿಡದು. ಈ ಅನಿವಾರ್ಯತೆಯೇ ಪಾತ್ರಕ್ಕೆ ತಕ್ಕಂತೆ ಅರ್ಥ ಬದಲಿಸುತ್ತದೆ: ಕುಹಕಿಯ ಪಾತ್ರದಲ್ಲಿ ಅದು ಬೇಟೆಯನ್ನು ಅಳೆಯುವ ನೋಟ, ಸಾತ್ವಿಕನ ಪಾತ್ರದಲ್ಲಿ ಮತ್ತೊಬ್ಬರ ನೋವನ್ನು ಕಾಯುವ ನೋಟ.

ನರಸಿಂಹರಾಜು ಅವರ ಹಾಸ್ಯ ಮುಗ್ಧತೆಯಿಂದ ಹುಟ್ಟಿದರೆ ಬಾಲಕೃಷ್ಣ ಅವರದು ಧೂರ್ತತನದಿಂದ ಹುಟ್ಟುವಂಥದು. ಖಳತನ ಮತ್ತು ನಗೆ ಒಂದೇ ದೇಹದಲ್ಲಿ ಕೂಡುವುದರಿಂದ ಅವರ ದುಷ್ಟರು ಪುರಾಣದ ರಾಕ್ಷಸರಾಗದೆ ಪಕ್ಕದ ಬೀದಿಯ ಪರಿಚಿತರಾಗುತ್ತಾರೆ. ಕಿಳ್ಳೇಕ್ಯಾತನ ಕರ್ತವ್ಯವೂ ಇದೇ. 1970ರ ದಶಕದಲ್ಲಿ ಈ ಅಚ್ಚನ್ನು ಅವರೇ ಮುರಿದರು. ‘ಕಸ್ತೂರಿ ನಿವಾಸ’ದ (1971) ನಿಷ್ಠಾವಂತ ರಾಮಯ್ಯ, ‘ಬಂಗಾರದ ಮನುಷ್ಯ’ದ (1972) ರಾಚೂಟಪ್ಪ, ಇವೆರಡೂ ಕಥಾನಾಯಕನ ಘನತೆಗೆ ಸಾಕ್ಷಿಯಾಗುವ ಪಾತ್ರಗಳು. ರಾಜೀವನಿಗೆ ಹಳ್ಳಿಯಲ್ಲಿ ಆಸರೆಯಾಗುವ ರಾಚೂಟಪ್ಪ ಇಲ್ಲದಿದ್ದರೆ ಅವನ ಸಾಹಸ ಒಂಟಿ ಆದರ್ಶವಾಗಿ ಉಳಿಯುತ್ತಿತ್ತು. ಊರಿನ ಒಪ್ಪಿಗೆಯ ದನಿ ರಾಚೂಟಪ್ಪನದು.

ಬಾಲಕೃಷ್ಣ ಕಟ್ಟುವ ಕೆಲಸದಲ್ಲಿಯೂ ತೊಡಗಿದ್ದರು. ಕನ್ನಡ ಚಿತ್ರಗಳು ವಿರಳವಾಗಿದ್ದ ಕಾಲದಲ್ಲಿ ರಾಜಕುಮಾರ್, ನರಸಿಂಹರಾಜು, ಜಿ.ವಿ. ಅಯ್ಯರ್ ಅವರೊಡಗೂಡಿ ಕಲಾವಿದರ ಸಂಘ ಕಟ್ಟಿ, ನಾಟಕಗಳನ್ನಾಡಿ, 1960ರಲ್ಲಿ ‘ರಣಧೀರ ಕಂಠೀರವ’ವನ್ನು ನಿರ್ಮಿಸಿದರು. ನಟರೇ ಕೂಡಿ ಹಣ ಹೊಂದಿಸುವ ಈ ಮಾದರಿ ಮೇಳಗಳ ಸಂಘಟನೆಯನ್ನು ನೆನಪಿಸುತ್ತದೆ. ಚಿತ್ರೀಕರಣಕ್ಕೆ ಮದರಾಸಿನ ಸ್ಟುಡಿಯೊಗಳನ್ನು ನೆಚ್ಚಬೇಕಿದ್ದ ಸ್ಥಿತಿಯನ್ನು ನೀಗಲು ಕೆಂಗೇರಿಯ ಬಳಿ ಸರ್ಕಾರ ನೀಡಿದ 20 ಎಕರೆಯಲ್ಲಿ ಅಭಿಮಾನ್ ಸ್ಟುಡಿಯೊ ಸ್ಥಾಪಿಸಿದರು. ಪೋಷಕ ನಟನೊಬ್ಬನ ಗಳಿಕೆಗೆ ಇದು ಮೀರಿದ ಹೊರೆಯಾಗಿತ್ತು. 2009ರ ಡಿಸೆಂಬರ್‌ನಲ್ಲಿ ವಿಷ್ಣುವರ್ಧನ್ ಅವರ ಅಂತ್ಯಕ್ರಿಯೆ ಅಲ್ಲಿ ನಡೆಯಿತು. ಜಾಗ ವ್ಯಾಜ್ಯಕ್ಕೊಳಗಾಗಿ, 2025ರ ಆಗಸ್ಟ್‌ನಲ್ಲಿ ಅವರ ಸ್ಮಾರಕ ತೆರವುಗೊಂಡಿತು. ಈ ವಿವಾದದಲ್ಲಿ ಸ್ಟುಡಿಯೊ ಕಟ್ಟಿದವರ ಹೆಸರು ಬಹುಮಟ್ಟಿಗೆ ಭೂದಾಖಲೆಯ ವಿವರವಾಗಿ ಮಾತ್ರ ಕೇಳಿಬಂದುದು ಗಮನಿಸತಕ್ಕ ಸಂಗತಿ.

ಬೇಲೂರು ಮತ್ತು ಹಳೇಬೀಡಿನ ದೇವಾಲಯಗಳು 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಕಲ್ಲಿನ ಮದ್ದಳೆಗಾರನಿಗೆ ರಕ್ಷಣೆಯಿದೆ. ದೂರದರ್ಶನದ ಮರುಪ್ರಸಾರಗಳಲ್ಲಿ ಹೊಸ ತಲೆಮಾರುಗಳಿಗೂ ಪರಿಚಿತನಾದ ನಟನ ಕೊಡುಗೆ ದಾಖಲೀಕರಣಕ್ಕಾಗಿ ಕಾದಿದೆ. ಮೂಡಲಪಾಯದ ಭಾಗವತರನ್ನು ದಾಖಲಿಸಿದ ಶ್ರದ್ಧೆಯಿಂದಲೇ ತಿಪಟೂರು–ಅರಸೀಕೆರೆ ಸೀಮೆಯ ವೃತ್ತಿನಟರ ಮೌಖಿಕ ಚರಿತ್ರೆಯನ್ನೂ ಸಂಗ್ರಹಿಸಬೇಕಾಗಿದೆ. ಪೋಷಕ ಪಾತ್ರವನ್ನು ಕೇಂದ್ರದಲ್ಲಿಟ್ಟು ಓದಿದಾಗ, ಜನಪದ ರಂಗದಿಂದ ಚಲನಚಿತ್ರದವರೆಗೆ ಹರಿದುಬಂದ ಅಭಿನಯದ ಸಾತತ್ಯ ಸ್ಪಷ್ಟವಾಗುತ್ತದೆ. ಆ ಓದಿಗೆ ಬಾಲಕೃಷ್ಣ ಮೊದಲ ಅಧ್ಯಾಯವಾಗಲು ಅರ್ಹರು.