ದೊಡ್ಡ ಟೈರು, ಎತ್ತರಿಸಿದ ಜೀಪು: ಒಂದು ಭೌತವೈಜ್ಞಾನಿಕ ವಿಮರ್ಶೆ

ತೆಂಗಿನ ಸೀಮೆಯ ತೋಟದ ದಾರಿಗಳನ್ನು ನೀವು ಬಲ್ಲಿರಿ. ಹುಳಿಯಾರಿಗೆ ಹೊಂದಿಕೊಂಡ ಕೆಂಕೆರೆಯನ್ನೇ ತೆಗೆದುಕೊಳ್ಳಿ. ಹೆಸರಿನಲ್ಲೇ ಕೆಂಪನ್ನಿಟ್ಟುಕೊಂಡ ಊರು. ಬೇಸಿಗೆಯಲ್ಲಿ ದೂಳು, ಮಳೆ ಬಂದರೆ ಕೆಸರು, ನಡುನಡುವೆ ನೀರು ಹಾಯಿಸುವ ಕಾಲುವೆ, ಬದು, ಕೆರೆ ಏರಿ. ಇಂಥ ದಾರಿಗೆ ನಾಲ್ಕೂ ಗಾಲಿಗಳಿಗೆ ಎಂಜಿನ್ನಿನ ಬಲ ಸಿಗುವ ಜೀಪು ಕೊಳ್ಳುವುದು ಸರಿಯೇ. ಆದರೆ ಕೊಂಡ ಕೆಲವೇ ದಿನಗಳಲ್ಲಿ ಅದಕ್ಕೆ ದೊಡ್ಡ ಟೈರು ಹಾಕಿಸಿ, ಸ್ಪ್ರಿಂಗಿನ ಕೆಳಗೆ ಅಡೆ ಕೊಟ್ಟು ಎರಡಿಂಚು ಎತ್ತರಿಸುವ ಉತ್ಸಾಹ ಯುವಕರಲ್ಲಿ ಕಾಣುತ್ತದೆ. ಬಿಡಿಭಾಗದ ಅಂಗಡಿಗಳಲ್ಲಿ ಇದಕ್ಕೆ ಕೊಡುವ ಕಾರಣಗಳು ಮೂರು: ಹಿಡಿತ ಹೆಚ್ಚುತ್ತದೆ, ತೊಡರು ಸುಲಭವಾಗಿ ಹತ್ತುತ್ತದೆ, ಅಡಿ ತಗುಲುವುದಿಲ್ಲ. ಮೂರರಲ್ಲೂ ಅರ್ಧ ಸತ್ಯವಿದೆ. ಉಳಿದರ್ಧ ಏನೆಂಬುದನ್ನು ಪಿಯುಸಿ ಮಟ್ಟದ ಭೌತಶಾಸ್ತ್ರವೇ ಹೇಳಬಲ್ಲದು.

ಮೊದಲು ಟೈರಿನ ಪಕ್ಕದಲ್ಲಿ ಅಚ್ಚೊತ್ತಿರುವ ಸಂಖ್ಯೆಯನ್ನು ಓದೋಣ. 2020ರಲ್ಲಿ ಬಂದ ಮಹೀಂದ್ರ ಥಾರ್‌ನ ಒಂದು ಮಾದರಿಗೆ 255/65 ಆರ್ 18 ಟೈರು. ಅಗಲ 255 ಮಿಮೀ. ಪಕ್ಕದ ಗೋಡೆಯ ಎತ್ತರ ಅಗಲದ ಶೇಕಡ 65, ಎಂದರೆ ಸುಮಾರು 166 ಮಿಮೀ. ರಿಮ್ಮಿನ ವ್ಯಾಸ 18 ಇಂಚು, ಅಂದರೆ 457 ಮಿಮೀ. ಎರಡು ಗೋಡೆ, ಒಂದು ರಿಮ್ಮು ಕೂಡಿದರೆ ಹೊರ ವ್ಯಾಸ 789 ಮಿಮೀ. ಅದೇ ರಿಮ್ಮಿಗೆ 285/65 ಟೈರು ತೊಡಿಸಿದರೆ ವ್ಯಾಸ 828 ಮಿಮೀ. ವ್ಯತ್ಯಾಸ 39 ಮಿಮೀ. ಆದರೆ ನೆಲದಿಂದ ಅಚ್ಚಿಗಿರುವ ದೂರ ತ್ರಿಜ್ಯವಷ್ಟೇ. ಹಾಗಾಗಿ ಅಚ್ಚು ಏರುವುದು ಇದರ ಅರ್ಧ, ಎರಡು ಸೆಂಟಿಮೀಟರಿಗೂ ತುಸು ಕಡಿಮೆ! ನಾಲ್ಕು ಹೊಸ ಟೈರುಗಳ ಬೆಲೆಗೆ ದೊರೆತ ಎತ್ತರವಿದು.

ಹಾಗಾದರೆ ಎರಡಿಂಚಿನ ಅಡೆ? ಅದು ಎತ್ತುವುದು ಸ್ಪ್ರಿಂಗಿನ ಮೇಲಿರುವ ಒಡಲನ್ನು ಮಾತ್ರ. ಹಳೆಯ ಜೀಪುಗಳಲ್ಲಿ ಎರಡೂ ಅಚ್ಚುಗಳು ಗಾಲಿಯಿಂದ ಗಾಲಿಗೆ ಒಂದೇ ಗಟ್ಟಿ ಕೊಳವೆ. ಅದರ ನಡುವೆ ಗುಂಡಗೆ ಊದಿಕೊಂಡಿರುವುದು ಡಿಫರೆನ್ಷಿಯಲ್. ಮೇಲೆ ಹೇಳಿದ ಥಾರ್‌ನಲ್ಲೂ ಹಿಂದಿನ ಅಚ್ಚು ಹೀಗೆಯೇ ಇದೆ. ಗಾಲಿಜಾಡಿನ ನಡುವಿನ ದಿಬ್ಬಕ್ಕೆ ಮೊದಲು ತಗುಲುವುದು ಈ ಗುಂಡು. ಒಡಲನ್ನು ಎಷ್ಟು ಎತ್ತಿದರೂ ಅದು ಒಂದು ಮಿಲಿಮೀಟರೂ ಮೇಲೇಳದು. ಏರಿ ದಾಟುವಾಗ ಹೊಟ್ಟೆ ಉಜ್ಜದಿರಲು, ಕಾಲುವೆಗೆ ಇಳಿಯುವಾಗ ಮೂತಿ ನೆಲಕ್ಕೆ ತಾಗದಿರಲು ಅಡೆ ನೆರವಾಗುತ್ತದೆ, ನಿಜ. ಗಾಡಿಯ ಯಾವ ಭಾಗ ಎಲ್ಲಿ ತಗುಲುತ್ತಿದೆ ಎಂದು ಬಗ್ಗಿ ನೋಡದೆ ಎತ್ತರಿಸುವುದು ರೋಗ ತಿಳಿಯದೆ ಔಷಧಿ ಕೊಟ್ಟಂತೆ.

ಈಗ ತೊಡರು ಹತ್ತುವ ಮಾತು. ಶಿಕ್ಷಕರು ವಿಶೇಷವಾಗಿ ಗಮನಿಸಬೇಕಾದ ಭಾಗವಿದು. ದೊಡ್ಡ ಗಾಲಿ ತೊಡರನ್ನು ಸುಲಭವಾಗಿ ಹತ್ತುತ್ತದೆ ಎಂಬ ನಂಬಿಕೆಯ ಬೇರು ನಮ್ಮ ಎತ್ತಿನ ಗಾಡಿಯಲ್ಲಿದೆ, ನಮ್ಮ ಲೆಕ್ಕದ ಪುಸ್ತಕದಲ್ಲೂ ಇದೆ. r ತ್ರಿಜ್ಯದ, W ಹೊರೆಯ ಗಾಲಿ h ಎತ್ತರದ ಕಲ್ಲನ್ನು ಹತ್ತಲು ಅಚ್ಚಿನಲ್ಲಿ ಅಡ್ಡಲಾಗಿ ಎಷ್ಟು ಬಲದಿಂದ ಎಳೆಯಬೇಕು? ಕಲ್ಲಿನ ಅಂಚಿನ ಸುತ್ತ ಭ್ರಾಮಕ ತೆಗೆದರೆ ಉತ್ತರ: W√(2rh − h²) ÷ (r − h). ಕಲ್ಲು 10 ಸೆಂ.ಮೀ. ಎಂದಿಟ್ಟುಕೊಳ್ಳಿ. 39.4 ಸೆಂ.ಮೀ. ತ್ರಿಜ್ಯದ ಮೂಲ ಗಾಲಿಗೆ ಬಲ 0.89 W, 41.4 ಸೆಂ.ಮೀ. ತ್ರಿಜ್ಯದ ದೊಡ್ಡ ಗಾಲಿಗೆ 0.86 W. ಸುಮಾರು ಶೇಕಡ 4 ಉಳಿತಾಯ. ಎತ್ತಿಗೆ ಇದು ನಿಜಕ್ಕೂ ಲಾಭ, ಏಕೆಂದರೆ ಗಾಡಿಯ ಗಾಲಿ ದೊಡ್ಡದಾದರೆ ಎತ್ತಿನ ಬಲ ಕುಗ್ಗುವುದಿಲ್ಲ.

ಜೀಪಿನಲ್ಲಿ ಎತ್ತು ಎಲ್ಲಿದೆ? ಗಾಲಿಯ ಒಳಗೇ ಇದೆ. ಎಂಜಿನ್ನು ಅಚ್ಚಿಗೆ ಕೊಡುವುದು ಟಾರ್ಕ್. ನೆಲವನ್ನು ತಳ್ಳುವ ಬಲ ಸಿಗುವುದು ಆ ಟಾರ್ಕನ್ನು ತ್ರಿಜ್ಯದಿಂದ ಭಾಗಿಸಿದಾಗ. ಹಿಂದಿನ ಗಾಲಿಗಳು ತಳ್ಳಿ ಮುಂದಿನ ಗಾಲಿಯನ್ನು ಕಲ್ಲು ಹತ್ತಿಸಬೇಕು ಎನ್ನಿ. ಮುಂದೆ ಬೇಕಾದ ಬಲ ಶೇಕಡ 4ರಷ್ಟು ಕಡಿಮೆಯಾಯಿತು, ಹಿಂದೆ ಸಿಗುವ ಬಲ ಶೇಕಡ 5ರಷ್ಟು ಕಡಿಮೆಯಾಯಿತು. ಇನ್ನು ಕಲ್ಲಿಗೆ ಸಿಕ್ಕ ಗಾಲಿ ತಾನೇ ತಿರುಗಿ ಹತ್ತಬೇಕಾದರೆ ಬೇಕಾದ ಟಾರ್ಕ್ W√(2rh − h²). R ಹೆಚ್ಚಿದಂತೆ ಇದು ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ತಗ್ಗಿನ ಗೇರಿನಲ್ಲಿ ಟಾರ್ಕ್ ಧಾರಾಳವಾಗಿದ್ದು ಹಿಡಿತವಷ್ಟೇ ಮಿತಿಯಾದಾಗ ದೊಡ್ಡ ಗಾಲಿಯ ಶೇಕಡ 4ರ ಲಾಭ ಉಳಿಯುತ್ತದೆ ಎಂಬುದನ್ನೂ ಒಪ್ಪಬೇಕು. ನಾವು ತರಗತಿಯಲ್ಲಿ ಎಳೆಯುವ ಗಾಲಿಯ ಲೆಕ್ಕವನ್ನು ವರ್ಷ ವರ್ಷವೂ ಮಾಡಿಸುತ್ತೇವೆ, ತಾನೇ ತಿರುಗುವ ಗಾಲಿಯ ಲೆಕ್ಕ ಕೇಳುವುದಿಲ್ಲ. ವಿದ್ಯಾರ್ಥಿ ಎತ್ತಿನ ಗಾಡಿಯ ಉತ್ತರವನ್ನೇ ಜೀಪಿಗೆ ಅಂಟಿಸಿದರೆ ದೂರುವುದು ಯಾರನ್ನು?

ಬ್ರೇಕಿಗೂ ಇದೇ ಭಾಗಾಕಾರ ಅನ್ವಯಿಸುತ್ತದೆ. ಪೆಡಲನ್ನು ಅಷ್ಟೇ ಒತ್ತಿದರೆ ನೆಲದಲ್ಲಿ ಸಿಗುವ ತಡೆ ಶೇಕಡ 5ರಷ್ಟು ಕಡಿಮೆ. ವೇಗಮಾಪಕ ಎಣಿಸುವುದು ಗಾಲಿಯ ಸುತ್ತುಗಳನ್ನು; ಅದು 80 ತೋರಿಸುವಾಗ ಗಾಡಿ ಮೊದಲಿಗಿಂತ ಶೇಕಡ 5 ಹೆಚ್ಚು ವೇಗದಲ್ಲಿರುತ್ತದೆ. ವೇಗಮಾಪಕಗಳನ್ನು ತುಸು ಹೆಚ್ಚೇ ತೋರಿಸುವಂತೆ ತಯಾರಿಸುವುದು ರೂಢಿಯಾದ್ದರಿಂದ ಇದು ಸರಿಹೋಗಲೂಬಹುದು. ಕಿಲೋಮೀಟರಿನ ಲೆಕ್ಕವೂ ಕಡಿಮೆ ಬೀಳುವುದರಿಂದ ‘ಮೈಲೇಜು ಬಿತ್ತು’ ಎಂಬ ದೂರಿನಲ್ಲಿ ಒಂದು ಪಾಲು ಮಾಪಕದ್ದೇ.

ಇಲ್ಲೊಂದು ಮಾತನ್ನು ತಿದ್ದಬೇಕು. ‘ಜಡತ್ವ ಭ್ರಾಮಕ ತ್ರಿಜ್ಯದ ವರ್ಗದಂತೆ ಏರುತ್ತದೆ, ಆದ್ದರಿಂದ ದೊಡ್ಡ ಗಾಲಿ ವೇಗ ಪಡೆಯಲು ಬಹಳ ಕಷ್ಟ’ ಎಂದು ಓದಿದವರೂ ಹೇಳುವುದುಂಟು. ಆದರೆ ಗಾಡಿಯ ವೇಗ ಅಷ್ಟೇ ಇದ್ದರೆ ದೊಡ್ಡ ಗಾಲಿಯ ಕೋನವೇಗ ಕಡಿಮೆ. ಉರುಳುವ ಚಲನ ಶಕ್ತಿಯ ಸಮೀಕರಣ ಬರೆದು ನೋಡಿ, r² ಮೇಲೂ ಕೆಳಗೂ ಬಂದು ಕಳೆದುಹೋಗುತ್ತದೆ. ಉಳಿಯುವುದು ಟೈರಿನ ರಾಶಿ ಮತ್ತು ಅದರ ಹಂಚಿಕೆ. ಹೊಣೆ ಭಾರದ್ದು, ಅಳತೆಯದ್ದಲ್ಲ.

ಹಿಡಿತದ ವಿಷಯದಲ್ಲಿ ಅಂಗಡಿಯ ಮಾತು ಇನ್ನೂ ದುರ್ಬಲ. ಟೈರಿನ ಗೋಡೆಯ ಬಿಗುವನ್ನು ಬಿಟ್ಟರೆ, ನೆಲಕ್ಕೆ ತಾಗುವ ವಿಸ್ತೀರ್ಣವನ್ನು ನಿರ್ಧರಿಸುವುದು ಎರಡೇ ಸಂಗತಿ: ಗಾಲಿಯ ಮೇಲಿನ ಹೊರೆ, ಒಳಗಿನ ಗಾಳಿಯ ಒತ್ತಡ. ಗಾಲಿಯೊಂದಕ್ಕೆ 450 ಕಿಲೋ ಹೊರೆ, ಒತ್ತಡ ಚದರ ಸೆಂಟಿಮೀಟರಿಗೆ 2.1 ಕಿಲೋ (30 ಪಿಎಸ್‌ಐ) ಆದರೆ ವಿಸ್ತೀರ್ಣ ಸುಮಾರು 214 ಚದರ ಸೆಂ.ಮೀ. ಅಗಲದ ಟೈರು ಹಾಕಿ ಅದೇ ಗಾಳಿ ತುಂಬಿದರೆ ಗುರುತಿನ ಆಕಾರ ಅಡ್ಡಲಾಗುತ್ತದೆ, ವಿಸ್ತೀರ್ಣ ಬಹುಪಾಲು ಅಷ್ಟೇ. ಮೂಲ ಟೈರಿನಲ್ಲೇ ಗಾಳಿಯನ್ನು 18 ಪಿಎಸ್‌ಐಗೆ ಇಳಿಸಿ: ವಿಸ್ತೀರ್ಣ 350 ಚದರ ಸೆಂ.ಮೀ. ದಾಟುತ್ತದೆ. ಮೆತ್ತನೆಯ ಮಣ್ಣಿನಲ್ಲಿ ಹೂತುಹೋಗದಿರಲು ಬೇಕಾದದ್ದು ಇದು. ನಮ್ಮ ಟ್ರ್ಯಾಕ್ಟರಿನ ಹಿಂಗಾಲಿಗಳು ಕಾರಿನ ಟೈರಿಗಿಂತ ಕಡಿಮೆ ಒತ್ತಡದಲ್ಲಿ ಓಡುವುದೂ ಇದೇ ಕಾರಣಕ್ಕೆ. ಆದರೆ ಟಾರು ರಸ್ತೆ ಸೇರುವ ಮೊದಲು ಗಾಳಿ ತುಂಬಲೇಬೇಕು. ಇಲ್ಲವಾದರೆ ಗೋಡೆ ಬಾಗಿ ಬಾಗಿ ಕಾದು ಟೈರು ಸಿಡಿದೀತು.

ಲಾಭಗಳು ಇಷ್ಟು ಕಿರಿದೆಂದಾದರೆ ಬೆಲೆ ಎಷ್ಟು? ಗಂಭೀರವಾದ ಪ್ರಶ್ನೆ ಗುರುತ್ವ ಕೇಂದ್ರದ್ದು. ಎಡ-ಬಲ ಗಾಲಿಗಳ ನಡುವಿನ ದೂರ 1520 ಮಿಮೀ, ಗುರುತ್ವ ಕೇಂದ್ರದ ಎತ್ತರ 700 ಮಿಮೀ ಎಂದು ಲೆಕ್ಕಕ್ಕಾಗಿ ಇಟ್ಟುಕೊಳ್ಳೋಣ. ಅರ್ಧ ಅಂತರವನ್ನು ಎತ್ತರದಿಂದ ಭಾಗಿಸಿದರೆ ಬರುವ ಸ್ಥಿರತಾಂಕ 1.09. ದೊಡ್ಡ ಟೈರಿನಿಂದ 20 ಮಿಮೀ. ಎರಡಿಂಚಿನ ಅಡೆ ರಾಶಿಯ ಐದರಲ್ಲಿ ನಾಲ್ಕು ಭಾಗವನ್ನು ಎತ್ತುವುದರಿಂದ 40 ಮಿಮೀ. ಹೊಸ ಎತ್ತರ 760, ಸ್ಥಿರತಾಂಕ 1.00. ಅಮೆರಿಕದ ರಾಷ್ಟ್ರೀಯ ಹೆದ್ದಾರಿ ಸಂಚಾರ ಸುರಕ್ಷತಾ ಆಡಳಿತವು 2001ರ ಮಾದರಿಗಳಿಂದ ಈ ಅಂಕದ ಆಧಾರದ ಮೇಲೆ ವಾಹನಗಳಿಗೆ ನಕ್ಷತ್ರ ಕೊಡತೊಡಗಿತು, 1.04ರಿಂದ 1.12ರವರೆಗೆ ಎರಡು ನಕ್ಷತ್ರ, 1.03 ಮತ್ತು ಅದಕ್ಕೂ ಕೆಳಗೆ ಒಂದೇ. ನಮ್ಮ ಲೆಕ್ಕದ ಜೀಪು ಎರಡರಿಂದ ಒಂದಕ್ಕೆ ಇಳಿಯಿತು.

ಸ್ಥಿರತಾಂಕ 1.00 ಎಂದರೆ ಗಾಡಿ 45 ಡಿಗ್ರಿ ವಾಲಿದಾಗ ಉರುಳುತ್ತದೆ. ‘ಅಷ್ಟು ಯಾರು ವಾಲಿಸುತ್ತಾರೆ?’ ಎನ್ನಬಹುದು. ಕೂಡಿಸುತ್ತ ಹೋಗಿ. ಒಂದು ಬದಿಯ ಗಾಲಿಗಳು ಒಂದಡಿ ಆಳದ ಕಾಲುವೆಗೆ ಇಳಿದರೆ 11 ಡಿಗ್ರಿ. ಅದೇ ಹೊತ್ತಿಗೆ ಚಾಲಕ ಗಾಬರಿಯಿಂದ ಮೇಲಿನ ಬದಿಗೆ ಸ್ಟಿಯರಿಂಗ್ ತಿರುವಿ, ಅಡ್ಡ ವೇಗೋತ್ಕರ್ಷ g ಯ ಹತ್ತರಲ್ಲಿ ನಾಲ್ಕು ಭಾಗವಾದರೆ ಅದು 22 ಡಿಗ್ರಿ ವಾಲಿದ್ದಕ್ಕೆ ಸಮ. ಮೃದು ಸ್ಪ್ರಿಂಗುಗಳ ಮೇಲೆ ಒಡಲು ಹೊರಕ್ಕೆ ಬಾಗುವುದು ಬೇರೆ. ಇದರ ಮೇಲೆ ಮುನ್ನೂರು ಕಿಲೋ ತೆಂಗಿನಕಾಯಿ ಚೀಲಗಳನ್ನು ಎತ್ತರಕ್ಕೆ ಪೇರಿಸಿದರೆ ಮಿತಿಯೇ 43 ಡಿಗ್ರಿಗೆ ಇಳಿಯುತ್ತದೆ. ಆ ಚೀಲಗಳ ಮೇಲೆ ಕಾಯಿ ಕೀಳುವ ಆಳುಗಳು ಕುಳಿತಿರುತ್ತಾರೆಂಬುದನ್ನು ಮರೆಯಬಾರದು. ಎತ್ತರಿಸುವ ತೀರ್ಮಾನ ಅವರದಲ್ಲ. ಟ್ರ್ಯಾಕ್ಟರಿನ ಹಿಂಗಾಲಿಗೆ ನೀರು ತುಂಬಿ ಭಾರವನ್ನು ಕೆಳಗಿಡುವ ರೈತ ಜೀಪಿನಲ್ಲಿ ಅದನ್ನು ಮೇಲಕ್ಕೇರಿಸುವುದು ವಿಚಿತ್ರ.

ಅಡೆ ಕೊಟ್ಟಾಗ ಗೇರುಪೆಟ್ಟಿಗೆಯಿಂದ ಅಚ್ಚಿಗೆ ಹೋಗುವ ದಂಡದ ಓರೆಯೂ ಹೆಚ್ಚುತ್ತದೆ. ಅದರ ಕೀಲಿನ ಕೋನ 5 ಡಿಗ್ರಿಯಿದ್ದರೆ ವೇಗದ ಏರಿಳಿತ ಶೇಕಡ ಅರ್ಧಕ್ಕೂ ಕಡಿಮೆ; 15 ಡಿಗ್ರಿಯಾದರೆ ಮೂರೂವರೆ. ಎರಡು ತುದಿಯ ಕೋನಗಳು ಸಮವಿದ್ದರಷ್ಟೇ ಇದು ರದ್ದಾಗುತ್ತದೆ. ಎತ್ತರಿಸಿದ ಗಾಡಿಗಳ ‘ಗುಂಯ್’ ಸದ್ದಿಗೆ ಇದೂ ಒಂದು ಕಾರಣ.

ಕಾನೂನಿನ ಮಾತು ಚಿಕ್ಕದು. 1988ರ ಮೋಟಾರು ವಾಹನ ಕಾಯಿದೆಯ 52ನೇ ಕಲಮಿನ ಪ್ರಕಾರ ತಯಾರಕರ ಮೂಲ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ ಎಂದು ಸರ್ವೋಚ್ಚ ನ್ಯಾಯಾಲಯ 2019ರ ಜನವರಿಯಲ್ಲಿ ಸ್ಪಷ್ಟಪಡಿಸಿದೆ. ಅದೇ ವರ್ಷದ ತಿದ್ದುಪಡಿ ಇಂಥ ಪ್ರತಿ ಮಾರ್ಪಾಡಿಗೆ 5000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಸಜೆಯನ್ನು ಗೊತ್ತುಪಡಿಸಿದೆ.

ಟೈರು ಬದಲಿಸಲೇಬೇಕಾದಾಗ ನನ್ನ ಸಲಹೆ ಇಷ್ಟು: ತಯಾರಕರು ಸೂಚಿಸಿದ ಅಳತೆಯಲ್ಲೇ ಆಳವಾದ ಕಚ್ಚುಗಳಿರುವ ಟೈರು, ಒಂದು ಒತ್ತಡಮಾಪಕ, ಗಾಡಿಯ ಬ್ಯಾಟರಿಯಿಂದ ನಡೆಯುವ ಒಂದು ಗಾಳಿ ಪಂಪು. ಶಿಕ್ಷಕರಿಗೆ ಒಂದು ಚಟುವಟಿಕೆ. ನಿಂತ ವಾಹನದ ಟೈರು ನೆಲ ಮುಟ್ಟುವೆಡೆ ಸೀಮೆಸುಣ್ಣದ ಗುರುತು ಹಾಕಿ, ಗಾಡಿಯನ್ನು ನಿಧಾನವಾಗಿ ಹತ್ತು ಸುತ್ತು ತಳ್ಳಿಸಿ, ದೂರವನ್ನು ಅಳತೆ ಪಟ್ಟಿಯಿಂದ ಅಳೆಯಿರಿ. ಅದನ್ನು 20π ಯಿಂದ ಭಾಗಿಸಿದರೆ ಬರುವ ತ್ರಿಜ್ಯ, ಟೈರಿನ ಮೇಲಿನ ಸಂಖ್ಯೆಯಿಂದ ಲೆಕ್ಕ ಹಾಕಿದ್ದಕ್ಕಿಂತ ತುಸು ಕಡಿಮೆಯಿರುತ್ತದೆ. ಏಕೆ ಎಂದು ವಿದ್ಯಾರ್ಥಿಗಳನ್ನೇ ಕೇಳಿ; ಬಳಿಕ ಗಾಳಿಯನ್ನು ಹತ್ತು ಪಿಎಸ್‌ಐ ಇಳಿಸಿ ಇನ್ನೊಮ್ಮೆ ಅಳೆಯಿಸಿ.