ಎದುರಾಳಿಯಿಲ್ಲದ ಸಾಮು

ಕೆ. ವಿ. ಅಯ್ಯರ್ ಅವರನ್ನು ಕುರಿತು ನಮ್ಮ ಸಾಹಿತ್ಯ ಚರಿತ್ರೆಗಳು ಮಾತನಾಡುವ ರೀತಿಯಲ್ಲಿ ಒಂದು ವಿಚಿತ್ರವಿದೆ. ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳ ಕರ್ತೃ, ಕೈಲಾಸಂ ಅವರ ಆಪ್ತಮಿತ್ರ, ‘ರವಿ ಕಲಾವಿದರು’ ನಾಟಕ ತಂಡದ ಬೆನ್ನೆಲುಬು ಎಂದೆಲ್ಲ ಹೇಳಿ, ಕೊನೆಗೆ, ಬಂದ ನೆಂಟರೆದುರು ಮನೆಯ ಹುಡುಗನ ತುಂಟತನವನ್ನು ಹೇಳಿಕೊಳ್ಳುವ ದನಿಯಲ್ಲಿ, ಇವರು ವ್ಯಾಯಾಮಪಟುಗಳೂ ಆಗಿದ್ದರು ಎಂದು ಸೇರಿಸಿಬಿಡುತ್ತಾರೆ. ವ್ಯಾಯಾಮದ ಚರಿತ್ರೆ ಬರೆಯುವವರಾದರೋ ಬೆಂಗಳೂರಿನ ಅವರ ಹರ್ಕ್ಯುಲಿಸ್ ವ್ಯಾಯಾಮಶಾಲೆಯನ್ನು ವಿಸ್ತಾರವಾಗಿ ವರ್ಣಿಸಿ, ಕಾದಂಬರಿಗಳನ್ನು ಒಂದು ಸಾಲಿನಲ್ಲಿ ಮುಗಿಸುತ್ತಾರೆ. ಒಬ್ಬನೇ ಮನುಷ್ಯನನ್ನು ಎರಡು ಕೋಣೆಗಳಲ್ಲಿ ಕೂಡಿಸಿ ನಡುವಣ ಬಾಗಿಲಿಗೆ ಅಗುಳಿ ಹಾಕಿದಂತಾಗಿದೆ. ಆ ಅಗುಳಿಯನ್ನು ಸರಿಸಿ ನೋಡಬೇಕೆಂಬುದೇ ಈ ಬರಹದ ಉದ್ದೇಶ.

ಇದು ಬರಿಯ ಪಾಂಡಿತ್ಯದ ಪ್ರಶ್ನೆಯಾಗಿದ್ದರೆ ವಾಚಕರ ಭಾನುವಾರವನ್ನು ನಾನು ಹಾಳು ಮಾಡುತ್ತಿರಲಿಲ್ಲ. ನಾನು ಪಾಠ ಹೇಳುವುದು ಪಾಂಡವಪುರದಲ್ಲಿ. ಶ್ರೀರಂಗಪಟ್ಟಣ, ಕೆ. ಆರ್. ಪೇಟೆ, ನಾಗಮಂಗಲಗಳ ಕಡೆಯಿಂದಲೂ ಹುಡುಗರು ಬರುತ್ತಾರೆ. ಪೊಲೀಸು, ಸೈನ್ಯಗಳ ಆಯ್ಕೆಗೆಂದು ನಸುಕಿನಲ್ಲೆದ್ದು ನಾಲೆಯ ಏರಿಯ ಮೇಲೆ ಓಡುತ್ತಾರೆ, ಕಬ್ಬಿಣ ಎತ್ತುತ್ತಾರೆ. ಆಯ್ಕೆಯಾದವರೂ ಬಿಡುತ್ತಾರೆ, ಆಗದವರೂ ಬಿಡುತ್ತಾರೆ. ನಾಲ್ಕು ತಿಂಗಳಲ್ಲಿ ತೋಳು ಬರಬೇಕೆಂಬ ಆತುರದಲ್ಲಿ ಪುಡಿಗೂ ಸೂಜಿಗೂ ಕೈಚಾಚಿದವರನ್ನು ಕಂಡಿದ್ದೇನೆ. ಇಪ್ಪತ್ತು ವರ್ಷಗಳಿಂದ ಬೆಳಗಿನ ಮುಕ್ಕಾಲು ಗಂಟೆಯನ್ನು ದಂಡ, ಬಸ್ಕಿ ಮತ್ತು ಒಂದು ಹಳೆಯ ಜೊತೆ ಡಂಬೆಲ್ಲುಗಳಿಗೆ ಮೀಸಲಿಟ್ಟಿರುವ ನನ್ನನ್ನು ಇವರು ಕೇಳುವುದು ಒಂದೇ ಪ್ರಶ್ನೆ: “ಯಾವ ಕುಸ್ತಿಗೆ ಸಾರ್, ಈ ತಯಾರಿ?” ಯಾವ ಕುಸ್ತಿಗೂ ಅಲ್ಲ ಎಂದರೆ ನಗುತ್ತಾರೆ. ಈ ನಗೆಯ ಬೇರು ನಮ್ಮ ಸಾಹಿತ್ಯದಲ್ಲೇ ಇದೆ ಎಂಬುದು ನನ್ನ ಗುಮಾನಿ.

ಈ ನೆಲದ ದೊಡ್ಡ ಕಥೆಯನ್ನೇ ನೋಡಿರಿ. 1638ರಿಂದ 1659ರವರೆಗೆ ಶ್ರೀರಂಗಪಟ್ಟಣದಿಂದ ಆಳಿದ ರಣಧೀರ ಕಂಠೀರವ ನರಸರಾಜ ಒಡೆಯರು ವೇಷ ಮರೆಸಿಕೊಂಡು ತಿರುಚಿನಾಪಳ್ಳಿಗೆ ಹೋಗಿ, ಕೋಟೆಬಾಗಿಲಿಗೆ ಚಡ್ಡಿ ಕಟ್ಟಿ ಸವಾಲು ಹಾಕಿದ್ದ ಜಟ್ಟಿಯನ್ನು ಕೊಂದು ಬಂದರೆಂಬ ಐತಿಹ್ಯವನ್ನು ಕೇಳದ ಮಗು ಇಲ್ಲಿಲ್ಲ. 1960ರಲ್ಲಿ ರಾಜಕುಮಾರ್ ಅವರ ಚಿತ್ರ ಆ ಕಥೆಯನ್ನು ಇಡೀ ನಾಡಿನ ಕಣ್ಣಿಗೆ ಕಟ್ಟಿಸಿತು. ಆ ಅರಸರ ಕಾಲದಲ್ಲೇ, 1648ರಲ್ಲಿ, ಗೋವಿಂದವೈದ್ಯ ‘ಕಂಠೀರವ ನರಸರಾಜ ವಿಜಯ’ವನ್ನು ಸಾಂಗತ್ಯದಲ್ಲಿ ಬರೆದು ಪಟ್ಟಣದ ನವರಾತ್ರಿಯನ್ನು ಕಣ್ತುಂಬ ಬಣ್ಣಿಸಿದ. ರಾಜಧಾನಿ ಮೈಸೂರಿಗೆ ಹೋಯಿತು. ವಿಜಯದಶಮಿಯಂದು ಅರಮನೆಯ ಅಂಗಳದಲ್ಲಿ ಜಟ್ಟಿಗಳ ವಜ್ರಮುಷ್ಟಿ ಕಾಳಗ ಈಗಲೂ ನಡೆಯುತ್ತದೆ. ನೆತ್ತರು ಕಂಡೊಡನೆ ಮುಗಿಯುತ್ತದೆ. ಎಷ್ಟು ತಿಂಗಳ ಸಾಮು, ಎಷ್ಟು ಕ್ಷಣದ ಕಾಳಗ! ನೋಡುವವರ ಕಣ್ಣಿಗೆ ಬೀಳುವುದು ಆ ಕ್ಷಣವೊಂದೇ.

ಹನ್ನೆರಡನೆಯ ಶತಮಾನಕ್ಕೆ ಹೋದರೂ ಹಾಗೆಯೇ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ ಸಂಸ್ಕೃತದ್ದಾದರೂ ನಮ್ಮ ನೆಲದ ಗ್ರಂಥವೇ ಸರಿ. ಅದರಲ್ಲಿ ‘ಮಲ್ಲವಿನೋದ’ವೆಂಬ ಪ್ರಕರಣವಿದೆ. ಮಲ್ಲರ ತರಗತಿಗಳು, ಅವರ ಆಹಾರ, ಭಾರಶ್ರಮ, ಭ್ರಮಣಶ್ರಮ, ಸಲಿಲಶ್ರಮ, ಸ್ತಂಭಶ್ರಮ ಎಂಬ ಕಸರತ್ತುಗಳು, ಅಂದರೆ ಭಾರ ಎತ್ತುವುದು, ಸುತ್ತಾಡುವುದು, ನೀರಿನಲ್ಲಿ ಮಾಡುವುದು, ಕಂಬಕ್ಕೆ ತೆಕ್ಕೆ ಹಾಕಿ ಮಾಡುವುದು, ಎಲ್ಲವನ್ನೂ ಅರಸ ಎಷ್ಟು ಸೂಕ್ಷ್ಮವಾಗಿ ಗಮನಿಸಿದ್ದಾನೆಂದರೆ ಓದಿ ಬೆರಗಾಗುತ್ತದೆ. ಆದರೆ ವಿನೋದ ಯಾರಿಗೆ? ಮಲ್ಲನಿಗೆ ಶ್ರಮ, ಅರಸನಿಗೆ ವಿನೋದ. ಮಾಡುವವನಿಗೇ ಅದು ವಿನೋದವಾಗಬಹುದೆಂಬ ಯೋಚನೆ ಆ ಪುಟಗಳಲ್ಲಿ ಸುಳಿಯುವುದಿಲ್ಲ. ಸುಳಿಯಬೇಕೆಂದು ನಿರೀಕ್ಷಿಸುವುದೂ ಅನ್ಯಾಯವೇ ಇರಬಹುದು.

ಗೆಲ್ಲುವ ದೇಹದ ಪಕ್ಕದಲ್ಲಿ ನಮ್ಮವರು ಇನ್ನೊಂದನ್ನು ನಿಲ್ಲಿಸಿದ್ದಾರೆ. ನಾಗಮಂಗಲ, ಕೆ. ಆರ್. ಪೇಟೆಗಳಿಂದ ದೂರವೇನಿಲ್ಲ, ಶ್ರವಣಬೆಳಗೊಳದ ಬೆಟ್ಟದ ಮೇಲೆ ಐವತ್ತೆಂಟು ಅಡಿಯ ಗೊಮ್ಮಟ. ಪಂಪನ ‘ಆದಿಪುರಾಣ’ದಲ್ಲಿ ಬಾಹುಬಲಿ ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ ಮೂರರಲ್ಲಿಯೂ ಅಣ್ಣ ಭರತನನ್ನು ಗೆದ್ದು, ಗೆದ್ದ ಗಳಿಗೆಯಲ್ಲೇ ಹೇಸಿ ಎಲ್ಲವನ್ನೂ ಬಿಟ್ಟು ನಡೆಯುತ್ತಾನೆ. ಅದಕ್ಕಿಂತ ಎತ್ತರದ ಕಲ್ಪನೆ ಕನ್ನಡದಲ್ಲಿ ಇನ್ನೊಂದಿದೆಯೆಂದು ನನಗೆ ಅನ್ನಿಸಿಲ್ಲ. ಆದರೂ ಕೇಳಬೇಕು: ಗೆದ್ದೂ ಮುಗಿಸದೆ, ತೊರೆದೂ ಬಿಡದೆ, ಮೈಯನ್ನು ಸುಮ್ಮನೆ ಕಾಪಾಡಿಕೊಂಡು ಬರುವ ಗೃಹಸ್ಥನಿಗೆ ನಮ್ಮ ಕಾವ್ಯಗಳಲ್ಲಿ ಜಾಗವೆಲ್ಲಿ? ಕಥೆಗೆ ಎದುರಾಳಿ ಬೇಕು. ದಿನದಿನದ ಸಾಮಿಗೆ ಎದುರಾಳಿಯೇ ಇಲ್ಲ. ನಿನ್ನೆ ಮಾಡಿದ್ದನ್ನೇ ಇಂದೂ ಮಾಡುವವನ ಮೇಲೆ ಷಟ್ಪದಿ ಕಟ್ಟುವುದು ಹೇಗೆ?

ಅಯ್ಯರ್ ಮಾಡಿದ ಹೊಸ ಕೆಲಸವಿರುವುದು ಇಲ್ಲಿ. ಕೋಲಾರದ ಕಡೆಯಿಂದ ಬೆಂಗಳೂರಿಗೆ ಬಂದ ಈ ಮನುಷ್ಯ ಗರಡಿಯ ಸಾಮು, ಹಠಯೋಗದ ಆಸನ, ಪಶ್ಚಿಮದ ಬಾರ್‌ಬೆಲ್ ಮೂರನ್ನೂ ಒಂದೇ ಸೂರಿನಡಿ ತಂದರು. ಯೂಜಿನ್ ಸ್ಯಾಂಡೋ 1904-05ರಲ್ಲಿ ಭಾರತದಲ್ಲಿ ಸಂಚರಿಸಿದ ಮೇಲೆ ಇಂಥ ಉತ್ಸಾಹ ದೇಶದ ಹಲವೆಡೆ ಮೂಡಿತ್ತು, ನಿಜ. ಆದರೆ ಅಯ್ಯರ್ ಶಿಷ್ಯರಲ್ಲಿ ಬಹುಮಂದಿ ಪೈಲ್ವಾನರಾಗಲು ಬಂದವರಲ್ಲ. ಗುಮಾಸ್ತರು, ವಿದ್ಯಾರ್ಥಿಗಳು, ವಕೀಲರು. ಬರಲಾಗದವರಿಗೆ ಅಂಚೆಯ ಮೂಲಕ ಪಾಠ ಕಳುಹಿಸುತ್ತಿದ್ದರು. ಈ ಅಂಚೆಯ ಪಾಠ ನನಗೆ ಬಹಳ ಅರ್ಥವತ್ತಾಗಿ ಕಾಣುತ್ತದೆ. ಗರಡಿಯಲ್ಲಿ ಮಟ್ಟಿಯಿದೆ, ಆಂಜನೇಯನ ಪಟವಿದೆ, ಉಸ್ತಾದರಿದ್ದಾರೆ, ಎದುರಿಗೆ ಜೋಡಿಯಿದ್ದಾನೆ. ಅಂಚೆಯಲ್ಲಿ ಪಾಠ ಬಂದವನಿಗೆ ಇದ್ದುದು ಬಾಗಿಲು ಮುಚ್ಚಿದ ಒಂದು ಕೋಣೆ, ಒಂದು ಕಾಗದ, ಅವನದೇ ಮೈ. ಕುಸ್ತಿಯಿಂದ ಸಾಮನ್ನು ಬಿಡಿಸಿ ಅದನ್ನು ಓದಿನಂತೆ, ವೀಣೆಯ ಅಭ್ಯಾಸದಂತೆ, ಒಬ್ಬನೇ ಬಾಳಿನುದ್ದಕ್ಕೂ ನಡೆಸಿಕೊಂಡು ಹೋಗತಕ್ಕ ಹವ್ಯಾಸವನ್ನಾಗಿ ಮಾಡಿದ್ದು ಸಣ್ಣ ಕೆಲಸವಲ್ಲ.

ಇಲ್ಲಿ ಒಂದು ಆಕ್ಷೇಪಣೆ ಬರುತ್ತದೆ, ಬರಬೇಕು ಕೂಡ. ಗದ್ದೆಯಲ್ಲಿ ಬೆಳಗಿನಿಂದ ಬೈಗಿನವರೆಗೆ ದುಡಿಯುವವನಿಗೆ ಈ ಷೋಕಿ ಯಾಕೆ ಎಂದು. ನಾಗಮಂಗಲದ ಬೆದ್ದಲಿನವನು ಕೇಳಿದರೂ ಪಾಂಡವಪುರದ ನಾಲೆಬಯಲಿನವನು ಕೇಳಿದರೂ ಪ್ರಶ್ನೆ ನ್ಯಾಯವಾದದ್ದೇ. ನನ್ನ ತಂದೆ ಕೇಳಿದ್ದರು. ಆದರೆ ಮೂಟೆ ಹೊತ್ತ ಹೆಗಲು ಒಂದು ಕಡೆಗೆ ವಾಲುತ್ತದೆ, ಕಬ್ಬು ಕಡಿದ ಸೊಂಟ ಐವತ್ತಕ್ಕೆ ಹಿಡಿದುಕೊಳ್ಳುತ್ತದೆ. ದುಡಿಮೆ ಮೈಯನ್ನು ಬಳಸುತ್ತದೆ, ಅದರ ಯೋಗಕ್ಷೇಮ ವಿಚಾರಿಸುವುದಿಲ್ಲ. ಆ ರೈತನ ಮಗ ಈಗ ಕುರ್ಚಿಯ ಮೇಲೆ ಕುಳಿತಿದ್ದಾನೆ. ಅವನಿಗಂತೂ ಅಯ್ಯರ್ ಅವರ ಗುಮಾಸ್ತನಿಗೆ ಹೇಳಿದ ಪಾಠವೇ ಬೇಕು.

ಸರಿ, ಕಾದಂಬರಿಗೆ ಬರೋಣ. ‘ರೂಪದರ್ಶಿ’ ಪ್ರಕಟವಾದದ್ದು 1950ರಲ್ಲಿ. ಉಪಪಠ್ಯವಾಗಿ ಓದಿದವರು ನಮ್ಮಲ್ಲಿ ಅನೇಕರಿರುವುದರಿಂದ ಕಥೆಯನ್ನು ಎರಡು ಮಾತಿನಲ್ಲಿ ಹೇಳಿದರೆ ಸಾಕು. ಚಿತ್ರಕಾರ ಮೈಕೆಲ್ ಏಂಜೆಲೋ ಬಾಲಯೇಸುವಿನ ಚಿತ್ರಕ್ಕೆ ಒಬ್ಬ ಮುಗ್ಧ ಹುಡುಗನನ್ನು ಹುಡುಕಿ ರೂಪದರ್ಶಿಯಾಗಿ ಕೂರಿಸುತ್ತಾನೆ. ಎಷ್ಟೋ ವರ್ಷಗಳ ಮೇಲೆ, ಗುರುದ್ರೋಹಿ ಜುದಾಸನ ಚಿತ್ರಕ್ಕೆ ತಕ್ಕ ಮುಖವನ್ನರಸಿ ಪಾಪದಲ್ಲಿ ಬೆಂದ ಒಬ್ಬನನ್ನು ತರುತ್ತಾನೆ. ಇಬ್ಬರೂ ಒಬ್ಬನೇ. ಇದು ಇತಿಹಾಸವಲ್ಲ, ದಂತಕಥೆ. ಲಿಯೊನಾರ್ಡೊ ಹೆಸರಿನಲ್ಲಿಯೂ ಇಂಥದೇ ಕಥೆ ಯೂರೋಪಿನಲ್ಲಿ ಓಡಾಡುತ್ತದೆ. ವಿಮರ್ಶಕರು ಇದರಲ್ಲಿ ಪಾಪ ಪುಣ್ಯಗಳ ನೀತಿಯನ್ನು ಕಂಡರು, ಕ್ರೈಸ್ತ ಕರುಣೆಯನ್ನು ಕಂಡರು. ಎಲ್ಲ ಸರಿಯೇ. ಆದರೆ ಪಾಪ ಆತ್ಮಕ್ಕೆ ಅಂಟುತ್ತದೆಂದು ಯಾರು ಬೇಕಾದರೂ ಬರೆದಾರು. ಅದು ಮುಖಕ್ಕೆ, ಕತ್ತಿಗೆ, ನಿಲುವಿಗೆ ಅಂಟುತ್ತದೆ, ನುರಿತ ಕಣ್ಣಿಗೂ ಗುರುತು ಸಿಗದಷ್ಟು ಅಂಟುತ್ತದೆ ಎಂಬುದರ ಮೇಲೆ ಇಡೀ ಕಾದಂಬರಿಯನ್ನು ನಿಲ್ಲಿಸಲು, ಪ್ರತಿದಿನ ಬೆಳಗ್ಗೆ ಎದುರಿಗೆ ನಿಂತ ಹತ್ತಾರು ಮೈಗಳನ್ನು ನೋಡಿ, ಯಾರು ನಿನ್ನೆ ತಪ್ಪಿಸಿದ, ಯಾರು ನಿದ್ದೆಗೆಟ್ಟ ಎಂದು ಅಳೆಯುವ ಕಣ್ಣು ಬೇಕು. ವ್ಯಾಯಾಮದ ಗುರುವಿಗೆ ಇದ್ದದ್ದು ಆ ಕಣ್ಣು.

ಇನ್ನೂ ಒಂದು ಸಂಗತಿಯನ್ನು ಯಾರೂ ಎತ್ತಿ ಆಡಿದ್ದನ್ನು ನಾನು ನೋಡಿಲ್ಲ. ಅಯ್ಯರ್ ಸ್ವತಃ ರೂಪದರ್ಶಿ. 1930ರ ‘ಮಸಲ್ ಕಲ್ಟ್’ ಕಾಲದಿಂದಲೂ ಗ್ರೀಕ್ ಶಿಲ್ಪದಂತೆ ನಿಂತು ತಮ್ಮ ಮೈಯನ್ನು ಛಾಯಾಚಿತ್ರಕ್ಕೆ ಒಡ್ಡಿಕೊಂಡವರು. ಕಾದಂಬರಿ ಬರೆಯುವ ಹೊತ್ತಿಗೆ ಅವರಿಗೆ ಐವತ್ತು ದಾಟಿತ್ತು. ಮೂವತ್ತರ ಭಾವಚಿತ್ರವನ್ನು ಐವತ್ತರಲ್ಲಿ ನೋಡಿಕೊಳ್ಳುವವನಿಗೆ, ಒಂದೇ ಮನುಷ್ಯ ಎರಡು ಚಿತ್ರಗಳ ಮುಂದೆ ನಿಲ್ಲುವುದು ಕಲ್ಪನೆಯ ಮಾತಲ್ಲ. ಎದುರಾಳಿಯಿಲ್ಲದ ಸಾಮಿಗೆ ಕಥೆ ಹುಟ್ಟುವುದಿಲ್ಲವೆಂದೆನಲ್ಲ, ಅಯ್ಯರ್ ಎದುರಾಳಿಯನ್ನು ಕಂಡುಕೊಂಡದ್ದು ಕಾಲದಲ್ಲಿ.

ಹೀಗೆಂದು ‘ರೂಪದರ್ಶಿ’ಯಲ್ಲಿ ಕೊರತೆಯೇ ಇಲ್ಲವೆಂದು ನಾನು ವಾದಿಸುವುದಿಲ್ಲ. ಕಥೆ ನಿಂತಿರುವುದು ಎರಡು ತುದಿಗಳ ಮೇಲೆ, ದೇವಶಿಶುವಿನ ಮುಖ, ದ್ರೋಹಿಯ ಮುಖ. ವ್ಯಾಯಾಮ ಬಲ್ಲವನು ತಿಳಿದಿರುವ ಸತ್ಯವಾದರೋ ನಡುವಿನದು: ಮೈ ಒಂದು ದಿನದಲ್ಲಿ ಕೆಡುವುದಿಲ್ಲ, ಒಂದು ದಿನದಲ್ಲಿ ಕೂಡುವುದೂ ಇಲ್ಲ. ಆ ನಿಧಾನದ ಲೆಕ್ಕವನ್ನು ತಮ್ಮ ಶಾಲೆಯಲ್ಲಿ ದಿನವೂ ಬರೆದಿಡುತ್ತಿದ್ದ ಅಯ್ಯರ್, ಕಾದಂಬರಿಕಾರರಾಗಿ ಬೆಳಕು ಕತ್ತಲೆಗಳ ದೊಡ್ಡ ವೈದೃಶ್ಯಕ್ಕೆ ಮಾರುಹೋದರು. ಬಹುಶಃ ನಾಟಕದ ಸಹವಾಸದ ಫಲ. ಎರಡನೆಯ ಕೊರತೆ ಪುಸ್ತಕದ್ದಲ್ಲ, ಬದುಕಿನದು. ವ್ಯಾಯಾಮವನ್ನು ಕುರಿತ ಅವರ ಹೆಸರುವಾಸಿಯಾದ ಪುಸ್ತಕಗಳೆಲ್ಲ ಇಂಗ್ಲಿಷಿನವು, ಕಥೆ ಕಾದಂಬರಿಗಳು ಮಾತ್ರ ಕನ್ನಡದವು. ಬಾಗಿಲಿಗೆ ಅಗುಳಿ ಹಾಕುವುದರಲ್ಲಿ ಅವರದೂ ಒಂದು ಕೈ ಇತ್ತೆನ್ನಬೇಕು. ದಂಡ, ಬಸ್ಕಿ, ಸಾಮು, ತಾಲೀಮು, ಮಟ್ಟಿ, ಪಟ್ಟು ಎಂದು ಬಾಯಿತುಂಬ ಮಾತುಳ್ಳ ಭಾಷೆಯಲ್ಲಿ ಆ ಗದ್ಯ ಹುಟ್ಟಿದ್ದರೆ ಎಷ್ಟು ರಸವತ್ತಾಗಿರುತ್ತಿತ್ತು!

ಅಂಥ ಗದ್ಯಕ್ಕೆ ತಕ್ಕ ಪ್ರಕಾರ ನಮ್ಮಲ್ಲಿ ಇಲ್ಲದಿರಲೂ ಇಲ್ಲ. ಈ ನಾಲ್ಕು ತಾಲ್ಲೂಕುಗಳು ಸಾಹಿತ್ಯದಲ್ಲಿ ಬಡವಲ್ಲ. ಬೆಳ್ಳೂರು ಬಿ. ಎಂ. ಶ್ರೀ ಅವರ ಊರು, ಮೇಲುಕೋಟೆ ಪು. ತಿ. ನ. ಅವರದು, ಕಿಕ್ಕೇರಿ ಕೆ. ಎಸ್. ನರಸಿಂಹಸ್ವಾಮಿಯವರದು. ಕೆ. ಆರ್. ಪೇಟೆ ತಾಲ್ಲೂಕಿನ ಅಕ್ಕಿಹೆಬ್ಬಾಳಿನಲ್ಲಿ 1900ರಲ್ಲಿ ಹುಟ್ಟಿದ ಎ. ಎನ್. ಮೂರ್ತಿರಾಯರು 1937ರಲ್ಲಿ ‘ಹಗಲುಗನಸುಗಳು’ ಸಂಕಲನವನ್ನು ಕೊಟ್ಟು, ಏನೂ ನಡೆಯದಿರುವುದನ್ನೇ ವಸ್ತುವಾಗಿಸಿಕೊಳ್ಳಬಲ್ಲ ಲಲಿತ ಪ್ರಬಂಧವನ್ನು ನಮಗೆ ಒಗ್ಗಿಸಿದರು. 2003ರಲ್ಲಿ, ನೂರಮೂರರ ವಯಸ್ಸಿನಲ್ಲಿ ತೀರಿಕೊಂಡ ಅವರ ಮುಂದೆ ದೀರ್ಘಾಯುಷ್ಯದ ಮಾತೆತ್ತಲು ನಾವು ವ್ಯಾಯಾಮದವರು ಸ್ವಲ್ಪ ಸಂಕೋಚಪಡಬೇಕು! ಅದಿರಲಿ. ದಿನವೂ ಅದೇ ಚಾಪೆ, ಅದೇ ಎಣಿಕೆ, ಒಂದು ದಿನ ಹದಿನೈದಕ್ಕೆ ಸೋಲುವ ತೋಳು ಮರುದಿನ ಕಾರಣವಿಲ್ಲದೆ ಹದಿನೆಂಟಕ್ಕೆ ಹೋಗುವುದು, ನಲವತ್ತೈದರಲ್ಲಿ ಮಂಡಿ ಆಡುವ ಹೊಸ ಮಾತು, ಇವೆಲ್ಲ ಕಾವ್ಯಕ್ಕೆ ಒಲ್ಲದ, ಪ್ರಬಂಧಕ್ಕೆ ಹೇಳಿ ಮಾಡಿಸಿದ ವಸ್ತುಗಳು. ನಮ್ಮ ಪ್ರಬಂಧಕಾರರು ಕಾಫಿಯನ್ನು, ಕೊಡೆಯನ್ನು, ನೆಗಡಿಯನ್ನು ಬರೆದರು. ಇದನ್ನು ಯಾಕೋ ಬಿಟ್ಟರು.

ಪುಸ್ತಕ ಮಾಡದ ಕೆಲಸವನ್ನು ಒಮ್ಮೆ ಸಿನಿಮಾ ಮಾಡಿದೆ. 1960ರಲ್ಲಿ ಜಟ್ಟಿಯನ್ನು ಕೆಡವಿದ ಅದೇ ರಾಜಕುಮಾರ್, 1983ರ ‘ಕಾಮನಬಿಲ್ಲು’ ಚಿತ್ರದಲ್ಲಿ ಯೋಗಾಸನ ಹಾಕಿ ತೋರಿಸಿದರು. ಆಗ ಅವರಿಗೆ ಐವತ್ತನಾಲ್ಕು. ಎದುರಿಗೆ ಯಾರೂ ಇಲ್ಲ, ಸವಾಲಿಲ್ಲ, ಚಪ್ಪಾಳೆಯಿಲ್ಲ, ಮೈಯೊಂದು ತನ್ನ ಪಾಡಿಗೆ ತಾನು ಬಾಗುತ್ತದೆ, ಏಳುತ್ತದೆ. ಮೊದಲನೆಯ ಚಿತ್ರವನ್ನು ನೆನೆಯುವ ಹುಡುಗರಿಗೆ ನಾನು ಎರಡನೆಯದನ್ನು ನೋಡಲು ಹೇಳುತ್ತೇನೆ. ಜೊತೆಗೆ ‘ರೂಪದರ್ಶಿ’ಯ ಒಂದು ಪ್ರತಿಯನ್ನು ಕೊಡುತ್ತೇನೆ. ಪುಸ್ತಕ ಹಿಂದಿರುಗಿಸಿದವರು ಈವರೆಗೆ ಇಬ್ಬರು. ಅವರಲ್ಲೊಬ್ಬ ಪೊಲೀಸು ಆಯ್ಕೆಯಲ್ಲಿ ಎತ್ತರ ಸಾಲದೆ ಬಿದ್ದವನು. ಕಿಕ್ಕೇರಿಯ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಾನೆ, ಬೆಳಗಿನ ಸಾಮನ್ನು ಬಿಟ್ಟಿಲ್ಲ.