ಸರದಿಯಾಟದಲ್ಲಿ ಕಾಠಿಣ್ಯದ ಪ್ರಶ್ನೆ: ಮೈಸೂರಿನ ಛದ ಮತ್ತು ‘ವಿಜರ್ಡ್ರಿ’

ಆಟವೊಂದನ್ನು ಕಠಿಣವೆಂದು ಕರೆದಾಗ ಆ ಕಾಠಿಣ್ಯವು ಆಟಗಾರನ ಯಾವ ಶಕ್ತಿಯನ್ನು ಪರೀಕ್ಷಿಸುತ್ತದೆ ಎಂದು ಕೇಳದೆ ಅದರ ಗುಣದೋಷ ವಿವೇಚನೆ ಪೂರ್ಣವಾಗದು. ಸರದಿಯಂತೆ ಆಡುವ, ಅದ್ಭುತ ಲೋಕವೊಂದನ್ನು ಕಲ್ಪಿಸುವ ಎರಡು ಆಟಗಳನ್ನು ಈ ದೃಷ್ಟಿಯಿಂದ ಇಲ್ಲಿ ಪರಿಶೀಲಿಸಲಾಗಿದೆ. ಒಂದು, ಮೈಸೂರು ಅರಮನೆಯಲ್ಲಿ ರೂಪುಗೊಂಡ ಛದ. ಇನ್ನೊಂದು, ಆಂಡ್ರ್ಯೂ ಗ್ರೀನ್‌ಬರ್ಗ್ ಮತ್ತು ರಾಬರ್ಟ್ ವುಡ್‌ಹೆಡ್ ರಚಿಸಿ 1981ರಲ್ಲಿ ಆಪಲ್ ಟು ಗಣಕಯಂತ್ರಕ್ಕೆ ಹೊರಬಂದ ‘ವಿಜರ್ಡ್ರಿ’. ಇವುಗಳ ನಡುವೆ ಪ್ರಭಾವದ ಸಂಬಂಧವೇನೂ ಇಲ್ಲ. ಹೂಟಗಳ್ಳಿಯ ಬಡಾವಣೆಯೊಂದರಲ್ಲಿ ಇಂದು ಗಣಕದ ಮುಂದೆ ಕುಳಿತು ಪಾತ್ರಗಳ ಪಡೆ ಕಟ್ಟುವ ತರುಣನಿಗೆ, ಅದೇ ಊರಿನ ಕೋಟೆಯೊಳಗೆ ಒಂದೂವರೆ ಶತಮಾನಕ್ಕೂ ಹಿಂದೆ ಅಷ್ಟೇ ತೊಡಕಿನ ಆಟಗಳಿದ್ದವೆಂಬುದು ತಿಳಿದಿರುವ ಸಂಭವ ಕಡಿಮೆ. ಹೋಲಿಕೆಗೆ ಇಷ್ಟೇ ನೆಪ.

ಮುಮ್ಮಡಿ ಕೃಷ್ಣರಾಜ ಒಡೆಯರ (1794-1868) ‘ಶ್ರೀತತ್ತ್ವನಿಧಿ’ಯ ಒಂಬತ್ತು ನಿಧಿಗಳಲ್ಲಿ ಕೊನೆಯದು ಕೌತುಕನಿಧಿ. ಅದರ 122 ಯೋಗಾಸನ ಚಿತ್ರಗಳು ಎನ್. ಇ. ಶೋಮನ್ ಅವರ 1996ರ ಗ್ರಂಥದ ಮೂಲಕ ದೂರದೇಶಗಳಲ್ಲೂ ಪ್ರಸಿದ್ಧವಾದವು. ಅದೇ ನಿಧಿಯ ಆಟದೆಲೆಗಳಿಗೆ ಆ ಭಾಗ್ಯ ಒದಗಲಿಲ್ಲ. 1982ರಲ್ಲಿ ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ಸಂಗ್ರಹಾಲಯ ಪ್ರಕಟಿಸಿದ ರುಡಾಲ್ಫ್ ಫಾನ್ ಲೈಡನ್ ಅವರ ಪುಸ್ತಕದಂಥ ಕೆಲವೇ ಅಧ್ಯಯನಗಳು ಗಂಜೀಫಾ ಪರಂಪರೆಯನ್ನು ಗಂಭೀರವಾಗಿ ಪರಿಗಣಿಸಿವೆ.

ಛದದ ತಾಯಿಬೇರು ಗಂಜೀಫಾ. ಮೊಗಲ್ ಗಂಜೀಫಾದಲ್ಲಿ ಎಂಟು ಬಣ್ಣ, 96 ಎಲೆ. ದಶಾವತಾರ ಗಂಜೀಫಾದಲ್ಲಿ ಹತ್ತು ಬಣ್ಣ, 120 ಎಲೆ. ಪ್ರತಿ ಬಣ್ಣಕ್ಕೂ ರಾಜ, ಮಂತ್ರಿ ಮತ್ತು ಒಂದರಿಂದ ಹತ್ತರವರೆಗಿನ ಎಲೆಗಳು. ಅರ್ಧದಷ್ಟು ಬಣ್ಣಗಳಲ್ಲಿ ಹತ್ತು ಮೇಲು. ಉಳಿದವುಗಳಲ್ಲಿ ಕ್ರಮ ತಿರುವುಮುರುವಾಗಿ ಒಂದು ಮೇಲಾಗುತ್ತದೆ. ಹಗಲಾದರೆ ರಾಮನನ್ನು, ರಾತ್ರಿಯಾದರೆ ಕೃಷ್ಣನನ್ನು ಹಿಡಿದವನಿಗೆ ಮೊದಲ ಸರದಿ ಕೊಡುವ ವಾಡಿಕೆಯೂ ಉಂಟು. ಸಾಮಾನ್ಯ ಆಟದಲ್ಲಿ ತುರುಫು ಇಲ್ಲ. ಮೇಲಿನ ಎಲೆ ಬಿದ್ದುಹೋದಂತೆ ಕೆಳಗಿನದು ಗೆಲ್ಲುವ ಎಲೆಯಾಗುವುದರಿಂದ, ಯಾವುದು ಹೋಯಿತು, ಯಾವುದು ಉಳಿಯಿತು ಎಂಬ ನೆನಪೇ ಆಟಗಾರನ ಬಂಡವಾಳ.

ಮುಮ್ಮಡಿಯವರು ಈ ಚೌಕಟ್ಟನ್ನು ಹಿಗ್ಗಿಸಿದರು. ಛದದ ಬಣ್ಣವೊಂದರಲ್ಲಿ ಸಾಮಾನ್ಯವಾಗಿ ಹನ್ನೆರಡು ಸಂಖ್ಯೆಯ ಎಲೆಗಳೂ ಆರು ಆಸ್ಥಾನದ ಎಲೆಗಳೂ ಇದ್ದು, ಸ್ಥಿರವಾದ ತುರುಫುಗಳೂ ಸೇರಿಕೊಂಡವು. ಚಾಮುಂಡೇಶ್ವರಿ ಛದಕ್ಕೆ 320 ಎಲೆ, ಜಗನ್ಮೋಹನ ಛದಕ್ಕೆ 360. ಇಲ್ಲಿ ಬಣ್ಣವೆಂದರೆ ದೇವತೆಯೊಂದರ ಆಸ್ಥಾನ. ವಾಹನ, ಆಯುಧ, ಪರಿವಾರಗಳೆಲ್ಲ ಗುಂಡಾದ ಒಂದು ಎಲೆಯ ಅಳತೆಗೆ ಇಳಿದಿವೆ. ಅದೇ ಗ್ರಂಥದ ಮೊದಲ ನಿಧಿಗಳು ದೇವತಾಸ್ವರೂಪಗಳನ್ನು ಶಾಸ್ತ್ರಾನುಸಾರ ನಿರೂಪಿಸಿರುವುದರಿಂದ ಈ ಲೋಕ ಯಾದೃಚ್ಛಿಕ ಕಲ್ಪನೆಯಲ್ಲ. ಛದದ ಶ್ರೇಷ್ಠತೆ ಇರುವುದು ಇಲ್ಲಿ. 1831ರಲ್ಲಿ ಆಡಳಿತವನ್ನು ಬ್ರಿಟಿಷರಿಗೆ ಕಳೆದುಕೊಂಡ ದೊರೆ ಎಲೆಗಳ ಮೇಲೆ ಆಸ್ಥಾನಗಳನ್ನು ಬೆಳೆಸಿದರೆಂಬ ಓದು ಆಕರ್ಷಕವೇನೋ ಹೌದು. ಆದರೆ ಅದರಿಂದ ಆಟದ ಗುಣವಾಗಲಿ ದೋಷವಾಗಲಿ ತಿಳಿಯುವುದಿಲ್ಲ.

ದೋಷವಿರುವುದು ಲೆಕ್ಕದಲ್ಲಿ. 120 ಎಲೆ 360 ಆದಾಗ ನೆನಪಿನ ಹೊರೆ ಮೂರುಪಟ್ಟಾಗುತ್ತದೆ. ನಿರ್ಧಾರದ ಸೂಕ್ಷ್ಮತೆ ಅಷ್ಟು ಬೆಳೆಯುವುದಿಲ್ಲ. ನಾಲ್ವರು ಆಡಿದರೆ ಒಬ್ಬೊಬ್ಬರ ಪಾಲಿಗೆ 90 ಎಲೆ! ಅವನ್ನು ಕೈಯಲ್ಲಿ ಹಿಡಿಯುವುದೇ ಮೊದಲ ಪರೀಕ್ಷೆ. ಚದುರಂಗದ ಕುದುರೆ ನಡೆಯ ಬಂಧಗಳಲ್ಲಿ, 64 ಮನೆಗಳಿಂದ ಮತ್ತು ಒಂದೇ ನಿಯಮದಿಂದ ಆಳವಾದ ಸಮಸ್ಯೆಯನ್ನು ಬಿಡಿಸಿ ತೋರಿದ ಅದೇ ದೊರೆಯ ಮಿತವ್ಯಯ ಇಲ್ಲಿ ಕಾಣುವುದಿಲ್ಲ. ಛದ ಅರಮನೆಯ ಹೊರಗೆ ಜನಪ್ರಿಯವಾಗದಿದ್ದುದು ಆಶ್ಚರ್ಯವಲ್ಲ.

‘ವಿಜರ್ಡ್ರಿ’ಯ ಪಾತಾಳಕ್ಕೆ ಹತ್ತು ಅಂತಸ್ತು, ಒಂದೊಂದರಲ್ಲೂ ಇಪ್ಪತ್ತಕ್ಕೆ ಇಪ್ಪತ್ತರಂತೆ 400 ಮನೆ. ಸಂಖ್ಯೆಯಲ್ಲಿ ಇದು ಛದಕ್ಕಿಂತ ಭಾರ. ಆದರೆ ಚೌಕುಳಿ ಕಾಗದದ ಮೇಲೆ ನಕ್ಷೆ ಬರೆದುಕೊಳ್ಳುವುದು ಆ ಆಟದ ಅಂಗವೇ ಆಗಿತ್ತು. ನೆನಪು ಕಾಗದಕ್ಕೆ ಹೋಯಿತು, ತಲೆ ನಿರ್ಧಾರಕ್ಕೆ ಉಳಿಯಿತು. ಮುಂದಿನ ಸಾಲಿನಲ್ಲಿ ಮೂವರು, ಹಿಂದೆ ಮೂವರು. ಆರು ಮಂದಿಗೂ ಆಜ್ಞೆ ಕೊಟ್ಟ ಮೇಲೆಯೇ ಕದನದ ಸುತ್ತು ನಡೆಯುತ್ತದೆ. ಮಂತ್ರಗಳು ತೀರುತ್ತ ಬಂದಿವೆ. ಇನ್ನೊಂದು ಬಾಗಿಲು ತೆರೆಯುವುದೋ, ಮೇಲಿನ ಊರಿಗೆ ಮರಳುವುದೋ? ಆಟದ ನಿಜವಾದ ಕಾಠಿಣ್ಯ ಇದೇ. ಸತ್ತವನನ್ನು ಎಬ್ಬಿಸುವ ಯತ್ನ ವಿಫಲವಾದರೆ ಅವನು ಬೂದಿಯಾಗುತ್ತಾನೆ, ಮತ್ತೊಮ್ಮೆ ವಿಫಲವಾದರೆ ಶಾಶ್ವತವಾಗಿ ಇಲ್ಲವಾಗುತ್ತಾನೆ. ಸ್ಥಳಾಂತರದ ‘ಮಾಲೋರ್’ ಮಂತ್ರದಲ್ಲಿ ಅಂಕೆ ತಪ್ಪಿದರೆ ಇಡೀ ತಂಡ ಬಂಡೆಯೊಳಗೆ ಹೂತುಹೋಗಬಹುದು. ಕ್ರೂರವಾದ ನಿಯಮವಿದು; ಆದರೂ ಇಲ್ಲಿ ತಪ್ಪು ಆಟಗಾರನದೇ.

ಎಲ್ಲ ಕ್ರೌರ್ಯವೂ ಹೀಗೆ ನ್ಯಾಯಯುತವಲ್ಲ. ಪಾತ್ರ ರಚನೆಯ ಹೆಚ್ಚುವರಿ ಅಂಕಗಳು ಅದೃಷ್ಟಕ್ಕೆ ಬಿಟ್ಟವು. ಒಳ್ಳೆಯ ಅಂಕ ಬರುವವರೆಗೆ ಮತ್ತೆ ಮತ್ತೆ ಪಾತ್ರ ಹುಟ್ಟಿಸಿ ಅಳಿಸುವುದು ಆಟಗಾರರ ರೂಢಿಯಾಯಿತು. ಮೇಲಿನ ಮಟ್ಟಕ್ಕೇರಿದಾಗಲೂ ಪಾತ್ರದ ಗುಣಾಂಶ ಕುಸಿಯಬಹುದು. ಇದನ್ನು ಕಾಠಿಣ್ಯವೆನ್ನುವುದಕ್ಕಿಂತ ಕಾಲಹರಣವೆನ್ನುವುದು ಸರಿ. ಲೋಕವೂ ಬಡವಾದುದು: ಗೆರೆಗಳ ಗೋಡೆ, ಎರವಲು ತಂದ ರಾಕ್ಷಸರು. ಹುಚ್ಚು ದೊರೆ ಟ್ರೆಬೋರ್, ಮಾಂತ್ರಿಕ ವರ್ಡ್ನಾ ಎಂಬ ಹೆಸರುಗಳು ಕರ್ತೃಗಳ ಹೆಸರನ್ನೇ ಹಿಂದುಮುಂದಾಗಿಸಿದ ವಿನೋದ. ದೇವತಾಸ್ವರೂಪದ ಶಿಸ್ತಿನ ಎದುರು ಇದು ಹುಡುಗಾಟವೆನಿಸುತ್ತದೆ.

2024ರಲ್ಲಿ ಡಿಜಿಟಲ್ ಎಕ್ಲಿಪ್ಸ್ ಸಂಸ್ಥೆ ‘ವಿಜರ್ಡ್ರಿ’ಯ ಹೊಸ ಆವೃತ್ತಿಯನ್ನು ಪೂರ್ಣಗೊಳಿಸಿದಾಗ, ತಾನಾಗಿ ಮೂಡುವ ನಕ್ಷೆಯನ್ನು ಸೇರಿಸಿ, ಹಳೆಯ ಕಟ್ಟುಪಾಡುಗಳಲ್ಲಿ ಯಾವುದು ಬೇಕೆಂಬ ಆಯ್ಕೆಯನ್ನು ಆಟಗಾರನಿಗೆ ಬಿಟ್ಟಿತು. ಛದಕ್ಕೆ ಇಂಥ ಪರಿಷ್ಕರಣೆ ದೊರೆತಿಲ್ಲ. ಗಂಜೀಫಾ ರಘುಪತಿ ಭಟ್ಟರ ಪರಿಶ್ರಮದಿಂದ ಚಿತ್ರಕಲೆ ಪುನರುಜ್ಜೀವನಗೊಂಡಿತು, ಮೈಸೂರು ಗಂಜೀಫಾಕ್ಕೆ ಭೌಗೋಳಿಕ ಸೂಚಕದ ಮಾನ್ಯತೆಯೂ ಲಭಿಸಿತು. ಆದರೆ ಎಲೆಗಳು ಗೋಡೆಗೆ ಏರಿದವೇ ಹೊರತು ಸರದಿಗೆ ಮರಳಲಿಲ್ಲ. ಛದವನ್ನು ಗಣಕಕ್ಕೆ ತರಲು ಹೊರಡುವವರು, ಬಿದ್ದ ಎಲೆಗಳ ಲೆಕ್ಕವನ್ನು ತೆರೆಯೇ ತೋರಿಸಬೇಕೆ, ಆಟಗಾರನ ನೆನಪಿಗೇ ಬಿಡಬೇಕೆ ಎಂಬುದನ್ನು ಚಿತ್ರಗಳಿಗಿಂತ ಮೊದಲು ತೀರ್ಮಾನಿಸಬೇಕಾಗುತ್ತದೆ.